ಗುಮ್ಮಟದೊಳಗಿನ ಮೈಬಿಸಿ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇದು ನಮ್ಮ ದೊಡ್ಡಪ್ಪನ ಮಗಳಿಗೆ, ಅಕ್ಕನಿಗೆ ಆಗಿದ್ದು. ಸ್ವಲ್ಪ ಹತ್ತಿರ ಬನ್ನಿ... ಜೋರಾಗಿ ಹೇಳೋ ಮಾತಲ್ಲ.

ಅವತ್ತು ಅಕ್ಕ ಪಾಳುಬಾವಿ ದಾಟಿ, ಟೆಲಿಸ್ಕೋಪಿನ ಗುಮ್ಮಟಕ್ಕೆ ಒಬ್ಬಳೇ ಗುಡ್ಡ ಹತ್ತುತ್ತಿದ್ದಳು. ಹಿಂದೆ ಚಪ್ಪಲಿ ಸದ್ದು. ಸರಕ್... ಸರಕ್... ಒಂದು ಕಾಲು ಎಳೆದು ಹಾಕೋ ನಡಿಗೆ. ಇವಳು ನಿಂತರೆ ಅದೂ ನಿಲ್ಲುತ್ತಿತ್ತು. ಅಕ್ಕನಿಗೆ ಭಯ ಆಗಲಿಲ್ಲ, ಅಳು ಬಂತು. ಅದು ಭಾವನ ನಡಿಗೆ. ಭಾವ ತೀರಿಕೊಂಡು ಆಗಲೇ ತಿಂಗಳು ದಾಟಿತ್ತು.

ಗಂಡ ಹೆಂಡತಿ ಇಬ್ಬರದೂ ಅಲ್ಲೇ ಕೆಲಸ. ಭಾರೀ ನಕ್ಷತ್ರಗಳು ದಟ್ಟ ಧೂಳಿನೊಳಗೆ ಹುಟ್ಟುತ್ತವೆ, ಕಣ್ಣಿಗೆ ಕಾಣಲ್ಲ. ಇನ್‌ಫ್ರಾರೆಡ್ ಬೆಳಕು ಮಾತ್ರ ಧೂಳು ದಾಟಿ ಬರುತ್ತೆ. ಆ ಬೆಳಕನ್ನ ಕಾಮನಬಿಲ್ಲಿನ ಹಾಗೆ ಬಿಡಿಸಿ ಹರಡಿದಾಗ ಹೈಡ್ರೋಜನ್ನಿನ ಗೆರೆ ಎದ್ದು ನಿಂತರೆ ಎಳೇ ನಕ್ಷತ್ರ. ಇಲ್ಲದಿದ್ದರೆ ಧೂಳಿನ ಹಿಂದಿರೋ ಯಾವುದೋ ಮುದಿ ನಕ್ಷತ್ರ. ಭಾವ ಅಂಥದ್ದೊಂದನ್ನ ಹುಡುಕಿ, "ಇದು ನಮ್ಮ ಕೂಸು ಕಣೇ" ಅಂತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅಲ್ಲಿನ ಹಿರಿಯ ವಿಜ್ಞಾನಿಗಳೆಲ್ಲ, "ಕೂಸಲ್ಲಪ್ಪ, ಮುದುಕ" ಅಂತ ನಕ್ಕಿದ್ದರು. ಆ ನಕ್ಷತ್ರ ನೋಡೋಕೆ ಅಕ್ಕನಿಗೆ ಸಿಕ್ಕಿದ್ದ ಕಡೇ ರಾತ್ರಿ ಅವತ್ತು.

ಗುಮ್ಮಟದಲ್ಲಿ ಯಾರೂ ನಿಲ್ಲಬಾರದು. ಮೈಬಿಸಿಗೆ ಗಾಳಿ ನಡುಗಿ ಬೆಳಕು ಕದಡುತ್ತೆ. ಭಾವ ಕೇಳಬೇಕಲ್ಲ! ಕದ್ದು ಒಳಗೆ ಹೋಗಿ ಆಕಾಶ ನೋಡುತ್ತಾ ನಿಂತುಬಿಡೋರು. ಅಕ್ಕ ಕೆಳಗಿನ ಕೋಣೆಯಿಂದ ಮೈಕಿನಲ್ಲಿ ಗದರಿದರೆ, "ಮನೇಲಿ ಚಳಿ ಅಂತ ಕರೀತೀಯ, ಇಲ್ಲಿ ಬಿಸಿ ಅಂತ ಓಡಿಸ್ತೀಯ" ಅನ್ನೋರು. ಆಮೇಲೆ ಹೊರಗೆ ಬಂದು, ಮೆಟ್ಟಿಲ ಕಂಬಿಗೆ ಉಂಗುರದಿಂದ ತಟ್ಟೋರು. ಟಣ್... ಟಣ್. ಹೊರಬಂದೆ ಅಂತ.

ಅವತ್ತು ಅಕ್ಕ ಗುಮ್ಮಟಕ್ಕೆ ತಾನೇ ಬೀಗ ಹಾಕಿ ಕೆಳಗೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಗುಮ್ಮಟದೊಳಗಿನ ತಾಪ ಏರತೊಡಗಿತು. ಪರದೆಯ ಮೇಲೆ ನಕ್ಷತ್ರ ಕದಡಿಹೋಯಿತು.

ಮೈಕು ಕೈಯಲ್ಲೇ ಇತ್ತು. ಮಾತಾಡಲಿಲ್ಲ. ಗೆರೆ ಹಾಳಾದರೆ ಹಾಳಾಗಲಿ, ಅವರು ಇರಲಿ ಅನ್ನಿಸಿತಂತೆ. ಹಾಗೇ ಕೂತಳು... ನಕ್ಷತ್ರ ಮುಳುಗೋ ಹೊತ್ತಾಯಿತು.

ಕೊನೆಗೆ ಪಿಸುಗುಟ್ಟಿದಳು. "ರೀ... ಆಚೆ ಹೋಗ್ರಿ."

ಮೈಕು ಇನ್ನೂ ಹತ್ತಿರ ತಂದಳು.

"ನಮ್ಮ ಕೂಸು ಕಾಣ್ತಿಲ್ಲ ರೀ..."

ಸರಕ್... ಸರಕ್... ಆಮೇಲೆ ಹೊರಗೆ, ಟಣ್... ಟಣ್.

ತಾಪ ಇಳಿಯಿತು. ಪರದೆಯ ಮೇಲೆ ಗೆರೆ ಮೇಲೆದ್ದು ನಿಂತಿತು, ಸೂಜಿ ನೆಟ್ಟ ಹಾಗೆ. ಭಾವ ಹೇಳಿದ್ದೇ ನಿಜ. ಅಕ್ಕ ಮೇಜಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆ ಚಪ್ಪಲಿ ಸದ್ದು ಮತ್ತೆ ಕೇಳಲೇ ಇಲ್ಲ. ಎಷ್ಟೋ ರಾತ್ರಿ ಬಾವಿ ಹತ್ತಿರ ನಿಂತು ಕಾದಳು, ಪಾಪ.

ದೆವ್ವ ಗಿವ್ವ ಏನಿಲ್ಲ ಅಂತೀರಿ. ಸರಿ. ಬೆಳಿಗ್ಗೆ ಕಾಫಿ ತಗೊಂಡು ಮೇಲೆ ಹೋದವಳು ನಾನೇ. ಬೀಗ ಹಾಕಿದ ಹಾಗೇ ಇತ್ತು. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಕಂಬಿಯ ಉದ್ದಕ್ಕೂ ಇಬ್ಬನಿ. ಭಾವ ತಟ್ಟುತ್ತಿದ್ದ ಕಡೆ, ಒಂದು ಅಂಗೈಯಗಲ ಜಾಗ ಮಾತ್ರ ಒಣಗಿತ್ತು.