ಬಂಡೆ ಯಾರ ತಲೆಗೆ?

...ಇಲ್ಲ ಕಣೋ ಡುಮ್ಮ, ಇನ್ನೂ ಎರಡು ಹೆಜ್ಜೆ ಎಡಕ್ಕೆ. ಹಾಂ, ಆ ಕೆಂಪು ಗುರುತಿನ ಮೇಲೆ. ಬಾಣಲೆ ತಲೆಗೆ ಹಾಕ್ಕೊಂಡ್ಯಾ? ಹಾಕ್ಕೋ, ಹಾಕ್ಕೋ... ನಿನ್ನ ತಲೆ ಬಗ್ಗೆ ನನಗಿರೋ ಕಾಳಜಿ ನಿನ್ನ ಹೆತ್ತಮ್ಮನಿಗೂ ಇರಲಿಕ್ಕಿಲ್ಲ. ಯಾಕೋ ನಗ್ತೀಯಾ?

ಚಿತ್ರ ಬರೆಯೋ ಯಜಮಾನ್ರು ಟೀ ಕುಡಿಯೋಕೆ ಹೋಗಿದಾರೆ. ವಾಪಸ್ ಬಂದು ಪೆನ್ಸಿಲ್ ಹಿಡಿದ್ರು ಅಂದ್ರೆ, ಗುರುತಿನ ಮೇಲೆ ಯಾರಿದಾರೋ ಅವರ ತಲೆ ಮೇಲೆ ಬಂಡೆ. ಗುರುತು ಖಾಲಿ ಬಿದ್ದಿದ್ರೆ ಇಬ್ಬರನ್ನೂ ರಬ್ಬರಿನಲ್ಲಿ ಉಜ್ಜಿಬಿಡ್ತಾರೆ. ಯಾರು ನಿಲ್ಲಬೇಕು ಅನ್ನೋದು ನಮ್ಮನ್ನ ನೋಡೋ ಮಕ್ಕಳು ವಾರವಾರ ಬರೆಯೋ ಕಾಗದದಲ್ಲಿರುತ್ತೆ, ಕಾಗದ ಓದೋದು ನನ್ನ ಕೆಲಸ. ನಮ್ಮ ಕಾರ್ಟೂನಿನ ಪದ್ಧತಿ ನಿನಗೇನು ಹೊಸದಾ?

ಏನು? ನಲವತ್ತು ವಾರದಿಂದ ಬರೀ ಕರಡೀನೇ ಯಾಕೆ ಅಂತಾನಾ? ಜನಪ್ರಿಯತೆ ಕಣೋ! ನನ್ನಂಥ ಬಡಪಾಯಿ ನರೀನ ಯಾರು ಕೇಳ್ತಾರೆ? ನನಗೂ ಹೊಟ್ಟೆಕಿಚ್ಚಿದೆ. ನುಂಗ್ಕೊಂಡಿದೀನಿ.

ನೋವಾ? ಕಾರ್ಟೂನಿನಲ್ಲಿ ಎಲ್ಲಿಯ ನೋವು! ಚಪ್ಪಟೆ ಆಗ್ತೀಯ, ತಲೆ ಸುತ್ತ ನಾಲ್ಕು ನಕ್ಷತ್ರ ತಿರುಗುತ್ವೆ, ಎದ್ದು ಮೈ ಕೊಡವ್ತೀಯ. ಹೋದ ವಾರ ಅತ್ತಿದ್ದಾ? ಅದು... ಖುಷಿಗೆ.

ಸರಿ, ಈ ವಾರದ್ದು ಕೇಳು. ಅಕ್ಷರ ಬರಲ್ಲ ಅಂತ ಬೇಜಾರ್ ಮಾಡ್ಕೋಬೇಡ, ಸ್ನೇಹಿತ ಅಂತ ನಾನಿರೋದು ಮತ್ತೆ ಯಾಕೆ? ನೋಡು, ನಿನ್ನ ಮುಖದ ಮುಂದೇನೇ ಹಿಡ್ಕೊಂಡು ಓದ್ತೀನಿ, ಮುಚ್ಚುಮರೆ ಇಲ್ಲ. 'ಪ್ರೀತಿಯ ಕರಡಿ ಮಾಮ, ಈ ಸಲ ಇನ್ನೂ ದೊಡ್ಡ ಬಂಡೆ ನಿನ್ನ ಮೇಲೆ ಬೀಳಲಿ. ನರಿ ಮಾಮ ದೂರ ಕೂತು ಹಣ್ಣು ತಿನ್ನಲಿ. ಪಾಪ, ಸೊರಗಿದಾನೆ...'

ಯಾಕೋ ನಗು ನಿಲ್ಲಿಸ್ದೆ?

ಏನು ಹಾಗೆ ನೋಡ್ತೀಯಾ... ಕಾಗದಾನಾ? ಓದೋದು ಯಾವಾಗ ಕಲಿತೆ? ಇಲ್ವಾ? ಮತ್ತೆ ಬೆರಳು ಯಾಕೆ ತೋರಿಸ್ತಿದೀಯ? ಹಿಂದೆ? ಹಿಂದೆ ಏನಿರುತ್ತೆ, ಖಾಲಿ...

ಅಯ್ಯೋ. ಈ ಮಗು ಹಿಂಬದಿಯಲ್ಲಿ ಚಿತ್ರ ಬೇರೆ ಬರೆದಿದೆಯಲ್ಲೋ.

ಅದು ಬಂಡೆ ಅಲ್ಲ, ಅದು... ಮೋಡ. ಕೆಳಗಿಂದ ಚಾಚಿಕೊಂಡಿರೋದು ಪೊರಕೆ. ನನ್ನ ಬಾಲ ಅಲ್ಲ, ಪೊರಕೆ, ಪೊರಕೆ! ಪಕ್ಕದಲ್ಲಿ ಹಣ್ಣು ತಿಂತಿರೋ ದಪ್ಪನೆಯವನು... ಯಾರೋ ದಾರಿಹೋಕ. ಬಾಣಲೆ ಹಾಕ್ಕೊಂಡಿದಾನಾ? ಹೂಂ... ಹಾಕ್ಕೊಂಡಿದಾನೆ.

ಬೈಯಿ. ಎರಡು ಬಾರಿಸು.

ಸರಿ, ಒಪ್ಕೊಂಡೆ. ನಲವತ್ತು ವಾರವೂ ಮಕ್ಕಳು ಕೇಳಿದ್ದು ನನ್ನನ್ನೇ. ನಿನ್ನ ಕಿವಿ ಮೇಲೆ ಹೂವಿಟ್ಟೆ. ಹೆದರಿಕೆ ಕಣೋ ನನಗೆ, ಬಂಡೆ ಅಂದ್ರೆ... ಎಲ್ಲಿಗೆ ಹೋಗ್ತಿದೀಯ? ಗುರುತು ಬಿಟ್ಟು ಇಳೀಬೇಡ್ವೋ! ಯಜಮಾನ್ರ ಚಪ್ಪಲಿ ಸದ್ದು ಮೆಟ್ಟಿಲ ಹತ್ರ ಬಂತು, ಇಬ್ಬರೂ ಅಳಿಸಿಹೋಗ್ತೀವಿ...

ಬಂದೆ, ಬಂದೆ. ಗುರುತಿನ ಮೇಲೆ ನಾನೇ ನಿಂತೆ. ಸಾಕಾ?

ಇದೇನಿದು? ನಿನ್ನ ಬಾಣಲೆ ತೆಗೆದು ನನ್ನ ತಲೆಗೆ ಯಾಕೋ ಹಾಕ್ತೀಯಾ? ಮೂಗಿನ ತನಕ ಬರುತ್ತೆ... ಒಳಗೆಲ್ಲ ಎಷ್ಟು ನೆಗ್ಗಿದೆ ಮಾರಾಯ. ಇಲ್ಲೊಂದು, ಇಲ್ಲೊಂದು... ಇವೆಲ್ಲ ಬಂಡೆದಾ?

ಡುಮ್ಮ. ಹೋಗ್ಬೇಡ, ಒಂದೇ ನಿಮಿಷ. ನಿಜ ಹೇಳು.

ತುಂಬಾ ನೋವಾಗುತ್ತಾ?