ಸೀಮೆಹೂ ಕೊಯ್ಯುವವಳು

೧೯೩೮ರ ಮಾಘಮಾಸದ ಒಂದು ಬೆಳಗ್ಗೆ ಮಾಲೂರು ರೈಲು ನಿಲ್ದಾಣದಲ್ಲಿ ಈ ಮಾತು ನನ್ನ ಕಿವಿಗೆ ಬಿತ್ತು. ಆವಲಮ್ಮನೆಂಬ ವಿಧವೆ, ಬೆಂಗಳೂರು ದಂಡಿನ ದೊರೆಗಳ ಬಂಗಲೆಗೆ ಹೋಗುವ ಅನಿಮೋನಿ ಎಂಬ ಸೀಮೆಹೂಗಳ ಕುಕ್ಕೆಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಅದನ್ನು ಒಯ್ಯಲು ಬಂದವಳು ಅವಳ ಅತ್ತಿಗೆ.

"ಮೊಗ್ಗೇ ಕಿತ್ತಿದ್ದೀಯಲ್ಲೇ?"

"ಮೊಗ್ಗಲ್ಲ ಅತ್ತಿಗೆ. ನಿನ್ನೆ ಒಂದ್ಸಲ ಅರಳಿ ಮುಚ್ಕೊಂಡಿರೋವು. ಅಂಥವನ್ನ ಕೊಯ್ದ್ರೇನೇ ಬಾಳ್ತವೆ."

"ವಾಸನೇನೇ ಇಲ್ಲ. ದೇವ್ರಿಗೂ ಏರಿಸಲ್ಲ, ಯಾರೂ ಮುಡಿಯಲ್ಲ."

"ಅದಕ್ಕೇ ತಾನೇ ನನ್ನ ಕೈಗೆ ಬಿಟ್ಟಿರೋದು? ಅತ್ತಿಗೆ, ಮುತ್ಯಾಲಿ ಮದುವೆಗೆ ಸೇವಂತಿಗೆ ನಾನೇ ಕೊಯ್ದು ಕೊಡ್ಲಾ? ನಾನೇ ನೆಟ್ಟಿದ್ದು."

"ಸುಮ್ನಿರೇ! ಅದಕ್ಕೆ ಮುತ್ತೈದೇರು ಇದ್ದಾರೆ. ನೀನು ಊಟದ ಹೊತ್ತಿಗೆ ಹಿತ್ತಲ ಬಾಗಿಲಿಂದ ಬಾ."

"ನಿನ್ನ ಮಗಳನ್ನ ಎತ್ತಿ ಆಡಿಸಿದ ಕೈ ಇದು."

"ನಾನೇನು ಮಾಡ್ಲಿ? ಶಾಸ್ತ್ರ ಕಣೇ."

ಯಾವ ಶಾಸ್ತ್ರವೆಂದು ಕೇಳಲು ನನ್ನ ನಾಲಗೆ ತುಡಿಯಿತು. ಅಷ್ಟರಲ್ಲಿ ರೈಲು ಬಂತು; ಅತ್ತಿಗೆ ಕುಕ್ಕೆಯೊಡನೆ ಹತ್ತಿದಳು. ಆವಲಮ್ಮ ಕಿಟಕಿಯ ಬಳಿಗೆ ಓಡಿದಳು.

"ಬಂಗ್ಲೆ ಬಟ್ಲರಿಗೆ ಹೇಳು ಅತ್ತಿಗೆ. ಸಂಜೆ ಮುಚ್ಕೊಂಡ್ವು ಅಂತ ಎಸೀಬಾರ್ದು. ಅವು ಸತ್ತಿರಲ್ಲ. ಬಿಸ್ಲು ಕಂಡ್ರೆ ಮತ್ತೆ ಅರಳ್ತವೆ."

ರೈಲು ಹೊರಟುಹೋಯಿತು. ಆವಲಮ್ಮ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಒಬ್ಬಳೇ ಊರ ದಾರಿ ಹಿಡಿದಳು.