ಬಿಲ್ಲೆಗಳನ್ನು ವಾಪಸ್ ಕೊಡಿ

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಅಧ್ಯಕ್ಷರಾದ ಪಂಚಾಕ್ಷರಯ್ಯನವರೇ, ನನ್ನ ಎತ್ತರಕ್ಕೆ ಮೈಕು ತಗ್ಗಿಸಿಕೊಟ್ಟ ಕಾರ್ಯದರ್ಶಿ ಶೀತಲ್ ಅವರೇ, ಮುಖ್ಯ ಅತಿಥಿಗಳೇ, ರಾಮಮೂರ್ತಿ ನಗರದ ನಮ್ಮ ನಿವಾಸಿಗಳ ಸಂಘದ ಅಕ್ಕ ತಂಗಿಯರೇ, ಕಡೇ ಸಾಲಿನಲ್ಲಿ ಊಟದ ವಾಸನೆ ಹಿಡಿದು ಕೂತಿರುವ ಗಂಡಸರೇ, ಸಭಿಕರೇ,

ನಾನು ಗಿರಣಿ ಮುನಿಲಕ್ಷ್ಮಮ್ಮ. ನಿಮ್ಮಲ್ಲಿ ಮುಕ್ಕಾಲು ಜನ ನನ್ನ ಗಿರಣಿಯ ರಾಗಿ ಹಿಟ್ಟು ತಿಂದವರು, ಅಷ್ಟೇ ಜನ ನನ್ನ ಕೈಲಿ ಬೈಸಿಕೊಂಡವರು. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ವೇದಿಕೆ ಹತ್ತಿ ಮಾತಾಡಿ ಗೊತ್ತಿಲ್ಲ. ಚಿನ್ನದ ಗಣಿಯ ಊರಿಗೆ ಹೋಗಿ ಬಂದೆವಲ್ಲ, ಆ ಪ್ರವಾಸದ ಅನುಭವ ಹೇಳಿ ಎಂದಿದ್ದಾರೆ. ಚುಟುಕಾಗಿ ಹೇಳಿ ಎಂದೂ ಹೇಳಿದ್ದಾರೆ. ಅದು ಆಗುವುದಿಲ್ಲ.

ಪ್ರವಾಸ ಚೆನ್ನಾಗಿತ್ತೇ? ಚೆನ್ನಾಗಿತ್ತು. ಬಸ್ಸು ಚೆನ್ನಾಗಿತ್ತು, ಚಿತ್ರಾನ್ನ ಚೆನ್ನಾಗಿತ್ತು. ಬಿಳೀ ದೊರೆಗಳ ಬಂಗಲೆ ನೋಡಿದಿರಿ, ಅವರು ಕುಣಿಯುತ್ತಿದ್ದ ಕ್ಲಬ್ಬು ನೋಡಿದಿರಿ, ಗಣಿಯ ಬಾಯಿಯ ಮೇಲೆ ದೊಡ್ಡ ಗಾಲಿ ಹೊತ್ತ ಕಬ್ಬಿಣದ ಗೋಪುರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿರಿ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗುಡ್ಡ ಗುಡ್ಡವಾಗಿ ಸುರಿದಿದ್ದಾರಲ್ಲ, ಅದರ ಮೇಲೆ ನಿಮ್ಮ ಮಕ್ಕಳು ಜಾರುಬಂಡೆ ಆಡಿದರು. ನಾನು ಆ ಊರಲ್ಲಿ ಸಂಸಾರ ಮಾಡುವಾಗ ಆ ಪುಡಿ ಗಾಳಿಗೆ ಎದ್ದು ಬಂದು ನಮ್ಮ ಅನ್ನದ ಮೇಲೆ ಕೂರುತ್ತಿತ್ತು. ಹೋಗಲಿ ಬಿಡಿ, ಮಕ್ಕಳು ಖುಷಿಪಟ್ಟವು.

ನೀವು ನಂದಿಬೆಟ್ಟ ಎಂದಿರಿ, ತಲಕಾಡು ಎಂದಿರಿ. ಹಟ ಹಿಡಿದು ಗಣಿಗೇ ಹೋಗೋಣ ಎಂದವಳು ನಾನು. ಯಾಕೆ? ಗಣಿ ಮುಚ್ಚಿ ಐದು ವರ್ಷವಾಯಿತು, ಗೇಟಿಗೆ ಬೀಗ. ಮುದುಕಿ ಒಬ್ಬಳೇ ಹೋದರೆ ಯಾರು ತೆಗೆಯುತ್ತಾರೆ? ಸಂಘದ ಬಸ್ಸು, ಶೀತಲ್ ಅವರ ಇಂಗ್ಲಿಷು ಇದ್ದರೆ ತೆಗೆಯುತ್ತಾರೆ ಎಂದು ನನಗೆ ಗೊತ್ತಿತ್ತು. ತೆಗೆದರು.

ಆಳುಗಳು ಗಣಿಗೆ ಇಳಿಯುವ ಶಾಫ್ಟಿನ ಪಕ್ಕದ ಕೋಣೆಯಲ್ಲಿ ನಾನು ಕಿರುಚಿದ್ದು ನಿಮಗೆಲ್ಲ ನೆನಪಿದೆ. ಬಿಸಿಲು ತಲೆಗೇರಿದೆ ಎಂದು ಯಾರೋ ಸೋಡಾ ಕುಡಿಸಿದರು. ಬಿಸಿಲಲ್ಲ ಅದು. ಆ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಮರದ ಹಲಗೆ ಇತ್ತು, ಅದರ ತುಂಬ ಮೊಳೆ, ಪ್ರತಿ ಮೊಳೆಯ ತಲೆಯ ಮೇಲೆ ಒಂದು ನಂಬರು. ಒಂದೊಂದು ಮೊಳೆಗೆ ಒಂದೊಂದು ಹಿತ್ತಾಳೆ ಬಿಲ್ಲೆ, ಒಬ್ಬೊಬ್ಬ ಆಳಿಗೆ ಒಂದೊಂದು ನಂಬರು. ಕೆಳಗೆ ಇಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದವನು ಅದೇ ಮೊಳೆಗೆ ತಗುಲಿಹಾಕಿ ಮನೆಗೆ ಹೋಗಬೇಕು. ಬಿಲ್ಲೆ ಇದ್ದರೆ ಆಳು ಮೇಲಿದ್ದಾನೆ. ಮೊಳೆ ಖಾಲಿ ಇದ್ದರೆ ಕೆಳಗಿದ್ದಾನೆ. ಮರೆತು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ ಗಂಡನಿಗೆ ನಮ್ಮ ಕೂಲಿ ಮನೆಗಳ ಲೈನುಗಳಲ್ಲಿ ಯಾವ ಹೆಂಗಸೂ ತಟ್ಟೆ ಇಡುತ್ತಿರಲಿಲ್ಲ. "ಮೊದ್ಲು ಓಡೋಗಿ ನೇತಾಕ್ಬಾ, ಆಮೇಲೆ ಮುದ್ದೆ" ಅನ್ನುತ್ತಿದ್ದೆವು.

ನನ್ನ ಗಂಡ ಪಿಳ್ಳಪ್ಪ. ಗಂಡನನ್ನು ಅವರು ಇವರು ಎಂದು ಕರೆದು ನನಗೆ ರೂಢಿಯಿಲ್ಲ, ನಮ್ಮ ಕಡೆ ಅವನೇ. ಜಗಳಗಂಟ. ಅವತ್ತು ಬೆಳಗ್ಗೆ ಕೂಡ ಉಪ್ಪು ಹೆಚ್ಚಾಯಿತು ಎಂದು ಬೈದೇ ಹೋದ. ಮಧ್ಯಾಹ್ನ ನಮ್ಮ ಕಾಲ ಕೆಳಗೆ ನೆಲ ನಡುಗಿತು. ಒಳಗೆ ಬಂಡೆ ಸಿಡಿದರೆ ಹಾಗಾಗುತ್ತದೆ, ಪಾತ್ರೆಗಳು ತಾವಾಗಿಯೇ ಸದ್ದು ಮಾಡುತ್ತವೆ. ಎಲ್ಲರೂ ಓಡಿದೆವು. ಸಂಜೆಯೊಳಗೆ ಒಬ್ಬೊಬ್ಬರೇ ಮೇಲೆ ಬಂದರು. ಹೆಣವಾಗಿ ಬಂದವರ ಬಿಲ್ಲೆಯನ್ನು ಗುಮಾಸ್ತರೇ ಅಂಗಿಯಿಂದ ತೆಗೆದು ಮೊಳೆಗೆ ಹಾಕಿದರು. ಆಮೇಲೆ ಬಳೆ ಒಡೆಯುವುದು, ಅಳುವುದು, ಎಲ್ಲ. ಪಿಳ್ಳಪ್ಪ ಬರಲಿಲ್ಲ. ಅವನಿದ್ದ ಜಾಗವೇ ಮುಚ್ಚಿಹೋಗಿತ್ತು, ಅಗೆದರೆ ಅಗೆಯುವವರೂ ಉಳಿಯುವುದಿಲ್ಲ ಎಂದು ಹಾಗೇ ಕಟ್ಟಿಬಿಟ್ಟರು. ತಪ್ಪು ಎಂದು ನಾನು ಹೇಳುವುದಿಲ್ಲ.

ಬಳೆ ಒಡೆಯಲು ನಾಲ್ಕು ಜನ ಮುದುಕಿಯರು ಬಂದರು. ನನ್ನ ಅತ್ತೆ ಜಟ್ಟೆಮ್ಮ ಬಾಗಿಲಿಗೆ ಅಡ್ಡ ಕೂತಳು. "ನನ್ಮಗನ ಬಿಲ್ಲೆ ಬಂತೇನ್ರೇ? ಬಿಲ್ಲೆ ಬರ್ಲಿ, ಆಮೇಲೆ ಬನ್ನಿ ಬಳೆಗೆ. ಎದ್ದೋಗ್ರೇ" ಎಂದಳು. ಅವರು ಎದ್ದು ಹೋದರು. ಬಿಲ್ಲೆ ಬರಲಿಲ್ಲ. ನನಗಾಗ ಇಪ್ಪತ್ತಾರು.

ಪ್ರೇಮಕ್ಕ, ನೀವು ತಲೆ ತಗ್ಗಿಸಬೇಡಿ. ಅರಿಶಿನ ಕುಂಕುಮಕ್ಕೆ ಬಂದಾಗ ನೀವು ಕೇಳಿದಿರಿ, "ನಿಮ್ ಯಜಮಾನ್ರು ಕಾಣ್ಸೋದೇ ಇಲ್ವಲ್ಲ ಮುನಿಲಕ್ಷ್ಮಮ್ಮ, ಎಲ್ಲಿದಾರೆ?" ಎಂದು. ನಾನು "ಡ್ಯೂಟಿಲಿದಾನೆ" ಎಂದೆ. "ಅದೆಂಥ ಡ್ಯೂಟಿ ರೀ, ದೀಪಾವಳಿಗೂ ರಜ ಕೊಡಲ್ವಾ?" ಎಂದು ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಸುಳ್ಳು ಹೇಳಿದೆನೇ? ಅವನ ಮೊಳೆ ಖಾಲಿ ಇತ್ತು. ನಾನೇನು ಹುಚ್ಚಿಯಲ್ಲ, ಸತ್ತಿದ್ದಾನೆ ಎಂದು ನನಗೆ ಗೊತ್ತು. ಆದರೆ ಗೊತ್ತಿರುವುದು ಬೇರೆ, ಬಳೆ ಒಡೆಯುವುದು ಬೇರೆ.

ಅತ್ತೆ ಹೋದ ಮೇಲೆ ತೊಂಬತ್ತಮೂರರಲ್ಲಿ ಈ ಊರಿಗೆ ಬಂದೆ. ಆದರೂ ಗಣಿ ಮುಚ್ಚುವವರೆಗೂ ವರ್ಷಕ್ಕೊಂದು ಸಲ ಕೃಷ್ಣರಾಜಪುರದಲ್ಲಿ ರೈಲು ಹತ್ತಿ ಹೋಗಿ ಆ ಹಲಗೆಯ ಮುಂದೆ ನಿಂತು ಬರುತ್ತಿದ್ದೆ. ಕಡೇ ಪಾಳಿ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೆ. ಒಬ್ಬೊಬ್ಬರೇ ಬಂದು ಬಿಲ್ಲೆ ಹಾಕುವರು, ಹಲಗೆ ತುಂಬುತ್ತ ಬರುವುದು, ಕೊನೆಗೆ ಒಂದು ಮೊಳೆ ಉಳಿಯುವುದು. ಎಂಟುನೂರ ಏಳು. ಆ ನಂಬರನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಅಲ್ಲಿ ನಿಂತರೆ ಅವನ ಮುಂದೆ ನಿಂತ ಹಾಗೆ. ಬೈದೂ ಬರುತ್ತಿದ್ದೆ.

ಈ ಸಲ ಹೋದರೆ ಹಲಗೆಯೇ ಬರಿದು. ಒಂದು ಬಿಲ್ಲೆಯೂ ಇಲ್ಲ. ಎಂಟುನೂರ ಏಳು ಅಲ್ಲೇ ಇದೆ, ಹುಡುಕಿದೆ, ಸಿಕ್ಕಿತು. ಆದರೆ ಅದೂ ಖಾಲಿ, ಎಂಟುನೂರ ಎಂಟೂ ಖಾಲಿ, ಕೊನೆಯವರೆಗೂ ಖಾಲಿ. ಎಲ್ಲರೂ ಕೆಳಗೇ ಇದ್ದರೆ ಅವನೊಬ್ಬನಿಗೆ ಏನು ಲೆಕ್ಕ? ಅದಕ್ಕೇ ಕಿರುಚಿದ್ದು. ಬಸ್ಸಿನಲ್ಲಿ ಶೀತಲ್ ಅವರನ್ನು ಬೈದದ್ದೂ ಅದಕ್ಕೇ. ಪಾಪ, ಆ ಹುಡುಗಿ ಸಮಾಧಾನ ಮಾಡಲು ಬಂದಿತ್ತು.

ಯಾರು ಕಿತ್ತರೋ ಗೊತ್ತಿಲ್ಲ. ಕೆಲಸ ಹೋದ ಮನೆಗಳು, ಹಿತ್ತಾಳೆ ಕಂಡರೆ ಕೀಳುತ್ತಾರೆ. ಕೀಳದೆ ಏನು ಮಾಡುತ್ತಾರೆ? ಆದರೆ ಹೋದ ವಾರ ಶೀತಲ್ ಗಿರಣಿಗೆ ಬಂದು, "ಆಂಟಿ, ಟೂರಿಗೆ ಬಂದೋರಿಗೆಲ್ಲ ಒಂದು ಸರ್‌ಪ್ರೈಸ್ ಗಿಫ್ಟ್" ಎಂದು ಪರ್ಸಿನಿಂದ ಒಂದು ಬಿಲ್ಲೆ ತೆಗೆದು ತೋರಿಸಿದಳು. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತಂತೆ. ಅವತ್ತೇ ಗಿರಣಿ ಮುಚ್ಚಿ ಶಿವಾಜಿನಗರಕ್ಕೆ ಹೋದೆ. ಅಂಗಡಿಯ ಅಕ್ತರ್ ಸಾಹೇಬರು ಮೂಟೆ ಬಿಚ್ಚಿ ತೋರಿಸಿದರು. "ಕರಗಿಸೋಕೆ ಕಳಿಸ್ಬೇಕಂತ ಇಟ್ಟಿದ್ದೆ ಅಮ್ಮಾ. ಹಿತ್ತಾಳೆ ಅಂದ್ರೆ ನಮಗೆ ಹಿತ್ತಾಳೆ, ನಂಬರ್ ಯಾರು ನೋಡ್ತಾರೆ?" ಎಂದರು. ನಾನು ಎಲ್ಲ ಹೇಳಿದೆ. ಆ ಮನುಷ್ಯ ಮೂಟೆಯ ಬಾಯಿ ಕಟ್ಟಿ ನನ್ನ ಆಟೋಕ್ಕೆ ಹಾಕಿದರು. ಮೂಟೆ ಈಗ ನನ್ನ ಗಿರಣಿಯಲ್ಲಿದೆ. ಗಣಿಯ ಕಾವಲಿನ ಅಹ್ಮದ್ ಪಾಷಾ ಭಾನುವಾರ ಕೋಣೆ ತೆಗೆಯುತ್ತೇನೆ ಎಂದಿದ್ದಾರೆ.

ಉಳಿದವು ಇಲ್ಲಿವೆ. ನಿಮ್ಮ ಕೊರಳಲ್ಲಿ. ಚೆನ್ನಾಗಿ ಉಜ್ಜಿ, ಕೆಂಪು ರಿಬ್ಬನ್ ಹಾಕಿ, ಈಗ ತಾನೇ ಮುಖ್ಯ ಅತಿಥಿಗಳ ಕೈಯಿಂದ ನಿಮಗೆಲ್ಲ ಹಾಕಿಸಿದ್ದಾರೆ. ನನಗೂ ಹಾಕಿದರು. ನಾನು ಮೊದಲೇ ಕೇಳಿಕೊಂಡಿದ್ದೆ, ಹಂಚಬೇಡಿ, ನನಗೆ ಕೊಟ್ಟುಬಿಡಿ ಎಂದು. ಅಧ್ಯಕ್ಷರು, "ನೆನಪಿನ ಕಾಣಿಕೆ ವಾಪಸ್ ಕೇಳೋದು ಚಂದ ಅಲ್ರೀ ಅಮ್ಮಾ, ಸಂಘದ ಮರ್ಯಾದಿ ಪ್ರಶ್ನೆ" ಎಂದರು. ಅಧ್ಯಕ್ಷರೇ, ನನಗೆ ಮರ್ಯಾದೆ ಗೊತ್ತಿಲ್ಲ. ಕೇಳುತ್ತಿದ್ದೇನೆ.

ಇಲ್ಲಿ ಮೇಜಿನ ಮೇಲೆ ಹಾರದ ತಟ್ಟೆ ಇಟ್ಟಿದ್ದೇನೆ. ನನ್ನದನ್ನು ಮೊದಲು ಹಾಕುತ್ತೇನೆ. ಈ ನಂಬರು ಯಾರದೋ ತಿಳಿಯದು. ಬಿಲ್ಲೆ ಇಲ್ಲಿದೆ ಎಂದರೆ ಅವನು ಮೇಲೆ ಬಂದ, ಮನೆಗೆ ಹೋದ, ಉಂಡ. ಅವನ ಬಿಲ್ಲೆ ಅವನ ಮೊಳೆಗೆ ಹೋಗಲಿ. ನಿಮ್ಮವೂ ಹೋಗಲಿ.

ಬಲವಂತವಿಲ್ಲ. ಷೋಕೇಸಿನಲ್ಲಿ ಇಟ್ಟುಕೊಳ್ಳುವವರು ಇಟ್ಟುಕೊಳ್ಳಿ. ಸಿಕ್ಕಷ್ಟನ್ನು ಭಾನುವಾರ ತಗುಲಿಹಾಕುತ್ತೇನೆ. ಖಾಲಿ ಉಳಿದ ಮೊಳೆಗಳನ್ನು ನೋಡಿ, ಇವರೂ ಇನ್ನೂ ಮೇಲೆ ಬಂದಿಲ್ಲ, ಪಿಳ್ಳಪ್ಪನ ಜೊತೆಗಿದ್ದಾರೆ ಎಂದುಕೊಂಡು ಬರುತ್ತೇನೆ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ್ದಕ್ಕೆ ನಿಮಗೆಲ್ಲ ದೊಡ್ಡ ಉಪಕಾರ. ಊಟಕ್ಕೆ ಹೋಗುವ ದಾರಿಯಲ್ಲೇ ತಟ್ಟೆ ಇದೆ. ನಮಸ್ಕಾರ.